ಲಂಗೋಟಿಯ ಮೇಲಿನ ಬಿಳಿ ಚುಕ್ಕೆ

ಲಾಂಡ್ರಿಯ ಹಿಂದಿನ ಕೋಣೆ
ತಾರೀಕು ಹದಿನಾಲ್ಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಕೆಮ್ಮು ಹೇಗಿದೆ? ಕಡಿಮೆಯಾಗಿದೆ ಅಂತ ನೀನು ಬರೆಯುತ್ತೀಯ, ಆದರೆ ಒಗೆಯಲು ಬಂದ ನಿನ್ನ ಅಂಗಿಯ ತೋಳು ಬೇರೆಯೇ ಹೇಳುತ್ತದೆ. ಮೂಗು ಬಾಯಿಗೆ ಕಟ್ಟಿಕೊಳ್ಳಲೆಂದು ನಾನು ಹೊಲಿದುಕೊಟ್ಟ ಬಟ್ಟೆಗಳು ಹೋದ ವಾರದ ಗಂಟಿನಲ್ಲಿ ಮಡಿಕೆ ಬಿಚ್ಚದೆ ಹಾಗೇ ವಾಪಸು ಬಂದವು. ಸುರಂಗ ಕೊರೆಯುವವನ ಬಟ್ಟೆ ಅಷ್ಟು ಬೆಳ್ಳಗಿರುತ್ತದೆಯೇ? ತಾಯಿಗೆ ಟೋಪಿ ಹಾಕಬಹುದು, ಲಾಂಡ್ರಿಯವಳಿಗೆ ಹಾಕುವುದು ಕಷ್ಟ. ದಯವಿಟ್ಟು ಕಟ್ಟಿಕೋ. ನಿಮ್ಮಪ್ಪ ಚೆನ್ನಾಗಿದ್ದಾರೆ. ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಕಾಲು ಊದುತ್ತದೆ, ಕೂತುಕೊಳ್ಳಿ ಅಂದರೆ ಕೇಳುವುದಿಲ್ಲ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು, ಆದರೆ ನಿಮ್ಮ ಆಫೀಸಿನ ಗುಮಾಸ್ತ ಫೋನೆತ್ತಿ "ಏನ್ ವಿಷಯ ಹೇಳಿ, ನಾನೇ ತಿಳಿಸ್ತೀನಿ" ಅನ್ನುತ್ತಾನೆ. ನಮ್ಮ ಮನೆಯ ವಿಷಯ ಅವನಿಗೇಕೆ? ಅದಕ್ಕೇ ಈ ಕಾಗದವನ್ನು ನಿನ್ನ ಪ್ಯಾಂಟಿನ ಒಳಜೇಬಿನಲ್ಲಿಟ್ಟು ಗಂಟಿನ ಜೊತೆ ಕಳಿಸುತ್ತಿದ್ದೇನೆ. ಗಂಟು ಒಯ್ಯುವ ವ್ಯಾನಿನವನ ಕೈಗೆ ಕೊಟ್ಟರೆ ದಾರಿಯಲ್ಲೇ ಬಿಚ್ಚಿ ಓದುತ್ತಾನೆ. ಓದುವುದಿಲ್ಲ ಅಂತ ನಿಮ್ಮಪ್ಪ ವಾದಿಸುತ್ತಾರೆ. ಅವರು ಯಾರ ಬಗ್ಗೆ ತಾನೇ ಕೆಟ್ಟದ್ದು ಯೋಚಿಸಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ, ಎದೆ ಗಟ್ಟಿಮಾಡಿಕೊಂಡು ಓದು. ನಿನ್ನ ಕೂಸು ಗುಬ್ಬಿ ಇದ್ದಾಳೆ, ಉಸಿರಾಡುತ್ತಿದ್ದಾಳೆ, ಅಳುತ್ತಾಳೆ ಕೂಡ. ಆದರೆ ಅವಳ ಮೂತ್ರಪಿಂಡಕ್ಕೆ ಫಂಗಸ್ ಸೇರಿಕೊಂಡಿದೆ. ಹಳೇ ಗೋಡೆಗೆ ಬೂಷ್ಟು ಹಿಡಿಯುತ್ತದಲ್ಲ, ಅದರ ಜಾತಿಯದೇ ಏನೋ ಒಂದು, ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟು ಸಣ್ಣ ಮಗುವಿನ ಒಳಗೆ ಹೋಗಿ ಉಂಡೆ ಕಟ್ಟಿ ಕೂತಿದೆ. ಮೂತ್ರದ ದಾರಿಗೆ ಅಡ್ಡ ಬಿದ್ದಿತ್ತು. ಬೆನ್ನಿನಿಂದ ಒಂದು ಕೊಳವೆ ಹಾಕಿ ಮೂತ್ರ ಹೊರಗೆ ಬರುವಂತೆ ಮಾಡಿದ್ದಾರೆ, ಔಷಧಿ ಹೋಗುತ್ತಿದೆ. ಇದು ಒಂದು ಸಂಕಟ. ಇನ್ನೊಂದು, ನಿನ್ನ ಹೆಂಡತಿ ಮಗುವನ್ನು ಎತ್ತಿಕೊಳ್ಳುತ್ತಿಲ್ಲ. ಹತ್ತಿರವೂ ಹೋಗುತ್ತಿಲ್ಲ. ತಾಯಿಯ ಹಾಲು ಕುಡಿದರೆ, ತಾಯಿಯ ಎದೆಗೆ ಅಂಟಿಕೊಂಡಿದ್ದರೆ ಮಗು ಬೇಗ ಚೇತರಿಸಿಕೊಳ್ಳುತ್ತದೆ ಅಂತ ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ. ಆದರೂ ಅವಳು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿರುತ್ತಾಳೆ. ಅದು ಹೇಗಾಯಿತು ಅಂತ ಮೊದಲಿನಿಂದ ಹೇಳದಿದ್ದರೆ ನಿನಗೆ ಅರ್ಥವಾಗುವುದಿಲ್ಲ.

ನೀನು ಹೊರಟಾಗ ಗುಬ್ಬಿ ಇನ್ನೂ ಗಾಜಿನ ಪೆಟ್ಟಿಗೆಯಲ್ಲಿದ್ದಳು. ತಿಂಗಳು ತುಂಬದೆ ಹುಟ್ಟಿದವಳು, ಮೈಗೆಲ್ಲ ನಳಿಕೆ, ಮೇಲಿಂದ ಮೇಲೆ ಸೋಂಕಿನ ಔಷಧಿ. ನೀನು ಹೋದ ಮೇಲೆ ತೂಕ ಸ್ವಲ್ಪ ಹೆಚ್ಚಾಯಿತು ಅಂತ ತಾಯಂದಿರ ವಾರ್ಡಿಗೆ ಕಳಿಸಿದರು. ಉದ್ದನೆಯ ಕೋಣೆ, ಎರಡೂ ಕಡೆ ಕಬ್ಬಿಣದ ಮಂಚ, ಪ್ರತಿ ಮಂಚದ ಪಕ್ಕ ಒಂದು ತೊಟ್ಟಿಲು, ಕೊನೆಯಲ್ಲಿ ಒಂದೇ ನಲ್ಲಿ. ಗಾಜಿನ ಕೋಣೆಯಲ್ಲಿ ಮಗು ಹನಿ ಮೂತ್ರ ಮಾಡಿದರೂ ತೂಗಿ ಬರೆದುಕೊಳ್ಳುತ್ತಿದ್ದರು. ಇಲ್ಲಿ ಅದೆಲ್ಲ ಇಲ್ಲ. ಇಷ್ಟೊಂದು ಮಕ್ಕಳಿಗೆ ಒಬ್ಬಳೇ ಆಯಾ. ಅವಳನ್ನು ನೋಡಿದ ಮೊದಲ ದಿನವೇ ನನಗೆ ಸರಿ ಬರಲಿಲ್ಲ. ರಬ್ಬರ್ ಚಪ್ಪಲಿ ಹಾಕಿಕೊಂಡು ಸದ್ದೇ ಇಲ್ಲದೆ ಓಡಾಡುತ್ತಾಳೆ. ನೆಟ್ಟಗೆ ಕೆಲಸ ಮಾಡುವವರಿಗೆ ಸದ್ದಿನ ಭಯವೇಕೆ? ಆಸ್ಪತ್ರೆಯ ಬಟ್ಟೆಯನ್ನು ನಾನು ನಂಬುವವಳಲ್ಲ, ನಿನಗೇ ಗೊತ್ತು. ನಿಮ್ಮಪ್ಪನ ಹಳೇ ಪಂಚೆಗಳನ್ನು ಕತ್ತರಿಸಿ ಬೆಣ್ಣೆಯಂಥ ಲಂಗೋಟಿಗಳನ್ನು ಮಾಡಿ, ಮೂಲೆಗೆ ಕೆಂಪು ದಾರದ ಗುರುತು ಹಾಕಿ, ದಿನಾ ಬೆಳಿಗ್ಗೆ ಕೊಟ್ಟು ಬರುತ್ತಿದ್ದೆ. ಸಂಜೆ ಕೊಳೆಯಾದದ್ದನ್ನು ತಂದು ಇಲ್ಲೇ ಕುದಿಸಿ ಒಗೆಯುತ್ತಿದ್ದೆ. "ಮೊಮ್ಮಗಳಿಗೂ ರಸೀದಿ ಕೊಡ್ತೀಯಾ?" ಅಂತ ನಿಮ್ಮಪ್ಪ ತಮಾಷೆ ಮಾಡುತ್ತಿದ್ದರು.

ಮೊದಲು ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ವಾಪಸು ಬರುವ ಲಂಗೋಟಿಗಳಲ್ಲಿ ಒದ್ದೆಯಾಗದವೇ ಹೆಚ್ಚಾದವು. ಬಳಸಿದ್ದಕ್ಕೆ ಮಡಿಕೆ ಬಿಚ್ಚಿದೆ, ಆದರೆ ಒದ್ದೆಯ ವಾಸನೆಯಿಲ್ಲ. ಅಲ್ಲೊಂದು ಇಲ್ಲೊಂದು ಒದ್ದೆಯಾಗಿ ಒಣಗಿದ್ದರ ಮೇಲೆ ಬಿಳಿ ಚುಕ್ಕೆಗಳು, ಸಣ್ಣ ಸಣ್ಣ ಚೂರುಗಳು, ಉಗುರಿನಿಂದ ಕೆರೆದರೆ ಉದುರುತ್ತವೆ. ಅದನ್ನು ನೋಡಿದ ಕೂಡಲೇ ನನಗೆ ಎಲ್ಲ ಹೊಳೆದುಹೋಯಿತು. ಗಂಜಿ. ಸರಿಯಾಗಿ ಸೋಸದ ಗಂಜಿಯಲ್ಲಿ ಅದ್ದಿದ ಬಟ್ಟೆ ಒಣಗಿದರೆ ಹೀಗೇ ಬಿಳಿ ಚೂರು ನಿಲ್ಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಹೋಟೆಲಿನ ಮೇಜುಬಟ್ಟೆಗಳನ್ನು ಹೀಗೆ ಹಾಳುಮಾಡಿದಾಗ ನಾನು ಎಷ್ಟು ಸಲ ಕೂಗಾಡಿಲ್ಲ. ಹಾಗಾದರೆ ಇದರ ಅರ್ಥವೇನು? ಆಯಾ ನಮ್ಮ ಮೆತ್ತನೆಯ ಲಂಗೋಟಿಗಳನ್ನು ತನ್ನ ಕೈ ಬೆಚ್ಚಗೆ ಮಾಡಿದ ಯಾರದೋ ಮಗುವಿಗೆ ಕಟ್ಟಿ, ಆಮೇಲೆ ಕಳ್ಳತನ ಗೊತ್ತಾಗದಿರಲೆಂದು ಆಸ್ಪತ್ರೆಯ ಒಗೆಯುವ ಕೋಣೆಯಲ್ಲಿ ದೊಡ್ಡವರ ಕೋಟುಗಳ ಜೊತೆ ಗಂಜಿನೀರಿಗೆ ಹಾಕಿ ನಮ್ಮ ಚೀಲಕ್ಕೆ ತುಂಬುತ್ತಿದ್ದಾಳೆ. ನಮ್ಮ ಗುಬ್ಬಿ ಆಸ್ಪತ್ರೆಯ ಒರಟು ಬಟ್ಟೆಯಲ್ಲಿ ಬಿದ್ದಿದ್ದಾಳೆ. ಆಹಾ, ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದೆ ನೋಡು. ನಿಮ್ಮಪ್ಪನಿಗೆ ಹೇಳಿದರೆ "ಮಗು ಲಂಗೋಟಿ ಕದ್ದು ಅವಳೇನ್ ಮನೆ ಕಟ್ತಾಳಾ?" ಅಂದರು. ಅವರಿಗೆ ಜನ ಗೊತ್ತಿಲ್ಲ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಸೊಸೆಯನ್ನು ಕೇಳಿದೆ, "ಮಗು ಈಚೆಗೆ ಸರಿಯಾಗಿ ಹಾಲು ಎಳೀತಿಲ್ಲ ಅತ್ತೆ" ಅಂತ ಬೇರೇನೋ ಹೇಳಿದಳು. ನನ್ನ ತಲೆಯಲ್ಲಿ ಗಂಜಿಯೇ ಕೂತಿತ್ತು, ಅದು ಕಿವಿಗೆ ಬೀಳಲಿಲ್ಲ. ಆಯಾಳನ್ನೇ ಹಿಡಿದು ಕೇಳಿದೆ. "ಅಜ್ಜಮ್ಮ, ಮಗು ಒದ್ದೆನೇ ಮಾಡ್ತಿಲ್ಲ, ನಾನೇನ್ ಮಾಡ್ಲಿ?" ಅಂದಳು. ಕಳ್ಳತನ ಮಾಡುವವರಿಗೆ ಸುಳ್ಳು ಹೇಳುವುದು ಎಷ್ಟರ ಮಾತು ಅಂದುಕೊಂಡೆ. ಮಾರನೆಯ ದಿನ ಒಗೆಯದೆ ಇಟ್ಟಿದ್ದ ಲಂಗೋಟಿಗಳ ಗಂಟು ಕಟ್ಟಿಕೊಂಡು ವಾರ್ಡಿನ ನರ್ಸುಗಳ ಮೇಲಿನ ದೊಡ್ಡ ಸಿಸ್ಟರ್ ಮುಂದೆ ಹೋಗಿ ಸುರಿದೆ. ಆಯಾಳೂ ಅಲ್ಲಿದ್ದಳು. ಇಬ್ಬರೂ ಬಾಯಿಗೆ ಬಂದದ್ದು ಮಾತಾಡಿಕೊಂಡೆವು. ಅವಳು ನನ್ನನ್ನು "ಬಟ್ಟೆ ಎಣಿಸೋ ಅಜ್ಜಿ" ಅಂದಳು, ನಾನೇನು ಅಂದೆ ಅಂತ ಬರೆಯುವುದಿಲ್ಲ. ದೊಡ್ಡ ಸಿಸ್ಟರ್ ಎತ್ತರದ ಹೆಂಗಸು, ನಗುವುದೇ ಅಪರೂಪ. ನಮ್ಮಿಬ್ಬರನ್ನೂ ಸುಮ್ಮನಿರಿಸಲು ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಸೀಸೆ ತಂದಳು. "ಗಂಜಿ ಆದ್ರೆ ಇದು ನೀಲಿ ಆಗುತ್ತಮ್ಮ, ನೋಡೇಬಿಡೋಣ" ಅಂತ ಮೊದಲು ತನ್ನ ಕೋಟಿನ ಅಂಚಿಗೆ ಒಂದು ಹನಿ ಬಿಟ್ಟಳು. ತನ್ನ ಕೋಟನ್ನು ಅವಳು ನಮ್ಮ ಲಾಂಡ್ರಿಗೇ ಕೊಡುತ್ತಾಳೆ, ಗಂಜಿ ಹಾಕಿದವಳು ನಾನೇ, ಕ್ಷಣದಲ್ಲಿ ಕಡುನೀಲಿಯಾಯಿತು. ಆಮೇಲೆ ಲಂಗೋಟಿಯ ಬಿಳಿ ಚುಕ್ಕೆಯ ಮೇಲೆ ಬಿಟ್ಟಳು. ಕಂದು ಬಣ್ಣ ಕಂದಾಗಿಯೇ ನಿಂತಿತು. ಇನ್ನೊಂದು ಚುಕ್ಕೆ, ಮತ್ತೊಂದು. ನೀಲಿಯಾಗಲೇ ಇಲ್ಲ.

ನಾನು ಅಯೋಡಿನ್ನೇ ಹಳೆಯದಿರಬೇಕು ಅಂತ ಜಗಳಕ್ಕೆ ಇಳಿಯುವವಳಿದ್ದೆ. ಆದರೆ ದೊಡ್ಡ ಸಿಸ್ಟರ್ ನನ್ನ ಕಡೆ ನೋಡಲೇ ಇಲ್ಲ. ಅವಳು ಆಯಾಳ ಕಡೆ ತಿರುಗಿ "ಒದ್ದೆ ಮಾಡ್ತಿಲ್ಲ ಅಂದ್ಯಲ್ಲ, ಯಾವಾಗಿಂದ?" ಅಂತ ಮೆಲ್ಲಗೆ ಕೇಳಿದಳು. ಆಯಾ ತಾನು ಈ ಮಾತನ್ನು ಪಾಳಿಯ ನರ್ಸಿಗೆ ಹೇಳಿದ್ದೆನೆಂದೂ, ಸೆಕೆಗೆ ಬೆವರಿ ಹೋಗುತ್ತದೆ ಬಿಡು ಅಂತ ಅವಳು ಅಂದಳೆಂದೂ ಹೇಳಿದಳು. ದೊಡ್ಡ ಸಿಸ್ಟರ್ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಕ್ಕಳ ಡಾಕ್ಟರು ಬಂದರು, ಗುಬ್ಬಿಯ ಹೊಟ್ಟೆ ಮುಟ್ಟಿ ನೋಡಿದರು, ನಳಿಕೆಯಿಂದ ಒಂದಿಷ್ಟು ಮೂತ್ರ ತೆಗೆಸಿ ಪರೀಕ್ಷೆಗೆ ಕಳಿಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಬಲಗಡೆಯ ಮೂತ್ರಪಿಂಡ ಊದಿಕೊಂಡಿದೆ, ಒಳಗೆ ಫಂಗಸ್ಸಿನ ಉಂಡೆಯಿದೆ, ಎಡಗಡೆಯದರಲ್ಲೂ ಶುರುವಾಗಿದೆ ಅಂದರು. ಲಂಗೋಟಿಯ ಮೇಲೆ ನಾನು ಉಗುರಿನಿಂದ ಕೆರೆದು ನೋಡಿದ ಗಂಜಿಯ ಚೂರು ಅದೇ ಉಂಡೆಯ ಚೂರಾಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ ಮಗನೇ. ನೀರು ತಂದುಕೊಟ್ಟವಳು ಆಯಾಳೇ. ಇನ್ನೂ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಅಂದರು. ಗಲಾಟೆ ಮಾಡಿದ್ದು ಒಳ್ಳೆಯದಾಯಿತಮ್ಮ ಅಂತಲೂ ಅಂದರು. ಆ ಹೊಗಳಿಕೆ ನನಗೆ ದಕ್ಕಲಿಲ್ಲ. ಆ ಚೂರುಗಳನ್ನು ನಾನೇ ಎಷ್ಟೋ ದಿನ ಕುದಿಸಿ ತೊಳೆದು ಹಾಕಿದ್ದೇನೆ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಿನ್ನ ತಾಯಿಯ ಬುದ್ಧಿ ನಿನಗೆ ಗೊತ್ತಲ್ಲ, ಆಗಿದ್ದಕ್ಕೆಲ್ಲ ಬೆರಳು ತೋರಿಸಲು ಒಬ್ಬರು ಬೇಕು. ಇದು ಎಲ್ಲಿಂದ ಬಂತು ಅಂತ ಡಾಕ್ಟರನ್ನು ಬಿಡದೆ ಕೇಳಿದೆ. ಅವರು ತಾಳ್ಮೆಯಿಂದಲೇ ಹೇಳಿದರು. ಈ ಫಂಗಸ್ ಎಲ್ಲರ ಮೈಮೇಲೂ, ಬಾಯಲ್ಲೂ, ಹೊಟ್ಟೆಯಲ್ಲೂ ಇರುತ್ತದಂತೆ, ದೊಡ್ಡವರಿಗೆ ಏನೂ ಮಾಡುವುದಿಲ್ಲವಂತೆ. ತಿಂಗಳು ತುಂಬದ ಮಗುವಿಗೆ ತಡೆಯುವ ಶಕ್ತಿಯಿರುವುದಿಲ್ಲ, ಮೇಲಿಂದ ಔಷಧಿ ಕೊಟ್ಟು ಕೊಟ್ಟು ಒಳ್ಳೆಯ ಕ್ರಿಮಿಗಳೂ ಸತ್ತು ಇದಕ್ಕೆ ಜಾಗ ಸಿಗುತ್ತದಂತೆ. ಬಸುರಿಯಲ್ಲಿ ಇದರ ತುರಿಕೆ ಇದ್ದರೆ ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದು, ನಳಿಕೆಯಿಂದ ಬಂದಿರಬಹುದು, ಎತ್ತಿಕೊಂಡವರ ಕೈಯಿಂದ ಬಂದಿರಬಹುದು, ಮಗುವಿನ ಹೊಟ್ಟೆಯಿಂದಲೇ ಎದ್ದಿರಬಹುದು, ಇಂಥದ್ದೇ ಅಂತ ಹೇಳಲಿಕ್ಕಾಗುವುದಿಲ್ಲ ಅಂದರು. ಅಷ್ಟೆಲ್ಲದರಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು "ತಾಯಿಯಿಂದ" ಅನ್ನುವುದೊಂದನ್ನೇ.

ಇದು ಮಗನಿಗೆ ಬರೆಯುವ ಮಾತಲ್ಲ, ಆದರೂ ಬರೆಯುತ್ತೇನೆ. ಬಸುರಿಯಾಗಿದ್ದಾಗ ನಿನ್ನ ಹೆಂಡತಿ ತನ್ನ ಒಳಬಟ್ಟೆಗಳನ್ನು ಬಚ್ಚಲಲ್ಲಿ ಬೇರೆಯಾಗಿ ಒಗೆದುಕೊಳ್ಳುತ್ತಿದ್ದಳು. ಲಾಂಡ್ರಿ ಇರುವ ಮನೆಯಲ್ಲಿ ಬಚ್ಚಲಲ್ಲಿ ಬಟ್ಟೆ ಒಗೆಯುವವರು ಯಾರು? ಆಗ ನನಗೆ ಬೇರೆ ಅನುಮಾನ ಬಂದಿತ್ತು, ಅತ್ತೆಯ ಕೈಗೆ ಕೊಡಲು ಇವಳಿಗೆ ಹೇಸಿಗೆ ಅಂದುಕೊಂಡು ಒಂದು ವಾರ ಮುಖ ಗಂಟುಹಾಕಿಕೊಂಡಿದ್ದೆ. ಈಗ ಆ ಬಚ್ಚಲಿಗೂ ಡಾಕ್ಟರ ಮಾತಿಗೂ ತಾಳೆ ಹಾಕಿದೆ. ಗುಬ್ಬಿಗೆ ಕೊಳವೆ ಹಾಕಲು ಒಳಗೆ ಕರೆದುಕೊಂಡು ಹೋಗಿದ್ದರು, ನಾವಿಬ್ಬರೂ ಹೊರಗೆ ನಿಂತಿದ್ದೆವು. ಅಂಥ ಹೊತ್ತಿನಲ್ಲಿ ಕೇಳಿಬಿಟ್ಟೆ. "ಆಗ ನಿನಗೆ ತುರಿಕೆ ಇತ್ತಲ್ವಾ? ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?" ಅಷ್ಟೇ ಕೇಳಿದ್ದು. ಕೂಗಲಿಲ್ಲ, ಬೈಯಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. "ಇತ್ತು ಅತ್ತೆ, ಎಲ್ಲರಿಗೂ ಆಗುತ್ತೆ ಅಂದ್ಕೊಂಡೆ" ಅಂದಳು. ಗುಬ್ಬಿಯನ್ನು ಹೊರಗೆ ತಂದು ಅವಳ ಕೈಗೆ ಕೊಡಲು ಬಂದಾಗ ಎರಡು ಹೆಜ್ಜೆ ಹಿಂದೆ ಸರಿದಳು. ಅವತ್ತಿನಿಂದ ಮುಟ್ಟಿಲ್ಲ.

ಹಾಲು ಹಿಂಡಿ ಬಟ್ಟಲಿಗೆ ಹಾಕಿ ಕೊಡುತ್ತಾಳೆ. ಅದಕ್ಕೂ ಮೊದಲು ನಲ್ಲಿಯ ಕೆಳಗೆ ಕೈ ಇಟ್ಟುಕೊಂಡು ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿದೆ. ಹಿಂಡಿದ ಹಾಲೂ ದಿನೇ ದಿನೇ ಕಡಿಮೆಯಾಗುತ್ತಿದೆ, ಮಗು ಬಾಯಿ ಹಾಕದಿದ್ದರೆ ಬತ್ತಿಹೋಗುತ್ತದೆ ಅಂತ ದೊಡ್ಡ ಸಿಸ್ಟರ್ ಎಚ್ಚರಿಸಿದ್ದಾಳೆ. ಹಾಲಿನಿಂದ ಇದು ಬರುವುದಿಲ್ಲ, ತಾಯಿ ಮುಟ್ಟಿದರೆ ಹೆಚ್ಚುವುದಿಲ್ಲ, ಅಂಥ ತುರಿಕೆ ಎಷ್ಟೋ ಬಸುರಿಯರಿಗೆ ಆಗುತ್ತದೆ ಅಂತ ಡಾಕ್ಟರೇ ಎದುರಿಗೆ ಕೂರಿಸಿಕೊಂಡು ಹೇಳಿದರು. ಹೊರಗೆ ಬಂದು "ಸಮಾಧಾನಕ್ಕೆ ಹಾಗಂತಾರೆ ಬಿಡಿ" ಅಂದಳು. ನಾನು ಹೋಗಿ, ನನಗೆ ಬುದ್ಧಿಯಿಲ್ಲ ಕಣಮ್ಮ, ನನ್ನ ಮಾತು ತಲೆಗೆ ಹಾಕಿಕೊಳ್ಳಬೇಡ ಅಂದೆ. "ಇಲ್ಲ ಅತ್ತೆ, ನೀವೊಬ್ಬರೇ ನಿಜ ಹೇಳಿದ್ದು" ಅಂದುಬಿಟ್ಟಳು. ಇಷ್ಟು ವರ್ಷ ನಾನು ಹೇಳಿದ ಒಂದು ಮಾತನ್ನೂ ಒಪ್ಪದವಳು ಇದೊಂದನ್ನು ಒಪ್ಪಿಕೊಂಡು ಕೂತಿದ್ದಾಳೆ. ನರ್ಸ್ ನಕ್ಕರೆ ಯಾಕೆ ನಕ್ಕಳು ಅನ್ನುತ್ತಾಳೆ, ಡಾಕ್ಟರು ಬೇಗ ಹೋದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನುತ್ತಾಳೆ. ನನ್ನ ರೋಗ ಅವಳಿಗೆ ಹತ್ತಿದೆ. ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, "ಈ ಕಲೆ ಹೋಗೋದು ಕಷ್ಟ ಕಣೇ" ಅಂದರು.

ಗುಬ್ಬಿಯ ವಿಷಯಕ್ಕೆ ಬರುತ್ತೇನೆ. ಬೆನ್ನಿನ ಕೊಳವೆ ಒಂದು ಸಣ್ಣ ಚೀಲಕ್ಕೆ ಇಳಿಬಿದ್ದಿದೆ. ಮೊದಮೊದಲು ಅದರಲ್ಲಿ ಬಂದದ್ದು ಅಕ್ಕಿ ತೊಳೆದ ನೀರಿನ ಹಾಗಿತ್ತು, ಈಗ ತಿಳಿಯಾಗಿದೆ. ಆ ಕೊಳವೆಯಿಂದಲೂ ಔಷಧಿ ಬಿಟ್ಟು ತೊಳೆಯುತ್ತಾರೆ, ರಕ್ತಕ್ಕೂ ಕೊಡುತ್ತಾರೆ, ಇನ್ನೂ ಕೆಲವು ವಾರ ಹೀಗೇ ನಡೆಯಬೇಕಂತೆ. ಎಡಗಡೆಯದು ಸುಧಾರಿಸಿದೆ. ಬಲಗಡೆಯದು ಪೂರ್ತಿ ಉಳಿಯುತ್ತದೋ ಇಲ್ಲವೋ ಈಗಲೇ ಹೇಳುವುದಿಲ್ಲ ಅಂದರು. ಒಂದೇ ಇದ್ದರೂ ಬದುಕಬಹುದು ಅಂತ ನಾನು ಕೇಳದೇ ಹೇಳಿದರು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ತೂಕ ಮಾತ್ರ ಏರುತ್ತಿಲ್ಲ. ಆಯಾ ಬಟ್ಟಲಿನ ಹಾಲನ್ನು ಹನಿ ಹನಿಯಾಗಿ ಕುಡಿಸುತ್ತಾಳೆ, ಗುಬ್ಬಿ ಅರ್ಧಕ್ಕೇ ಮುಖ ತಿರುಗಿಸಿ ಬಾಯಿ ಆಡಿಸುತ್ತಾ ಯಾರನ್ನೋ ಹುಡುಕುತ್ತಾಳೆ. ಬೆಂಚಿನ ಮೇಲೆ ಕೂತವಳು ಅದನ್ನು ನೋಡಲಾರದೆ ಗೋಡೆ ನೋಡುತ್ತಾಳೆ. ಆಯಾಳ ಹತ್ತಿರ ತಪ್ಪಾಯಿತು ಅಂದೆ, ಪರವಾಗಿಲ್ಲ ಅಂದಳು. ಒಳ್ಳೆಯವಳೇ ಇರಬಹುದು. ಆದರೂ ಕೆಂಪು ದಾರದ ಎರಡು ಲಂಗೋಟಿ ಇನ್ನೂ ಸಿಕ್ಕಿಲ್ಲ, ಅದನ್ನು ಮಾತ್ರ ನಾನು ಮರೆತಿಲ್ಲ.

ಇನ್ನೇನು ಬರೆಯಲಿ. ಒಣಗಿದ ಬಟ್ಟೆಗಳ ರಾಶಿ ಹಾಗೇ ಬಿದ್ದಿದೆ, ಬಾಯ್ಲರ್ ಸೀಟಿ ಹಾಕುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸುರಂಗದೊಳಗೆ ಧೈರ್ಯ ತೋರಿಸಲು ಹೋಗಬೇಡ. ನೀನು ನೂರು ಕಾಲ ಬಾಳು, ನಿನ್ನ ಮಗಳು ನಿನಗಿಂತ ಒಂದು ದಿನ ಹೆಚ್ಚು ಬಾಳಲಿ. ನಿಮ್ಮಪ್ಪನ ಆಶೀರ್ವಾದವೂ ಇದರಲ್ಲೇ ಇದೆ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ವ್ಯಾನಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ದೊಡ್ಡ ಸಿಸ್ಟರ್ ನನ್ನ ಕೈ ಹಿಡಿದು ನೋಡಿದಳು. ಸದಾ ನೀರಿನಲ್ಲಿ ಕೆಲಸ ಮಾಡುವವರಿಗೆ ಉಗುರಿನ ಬುಡ ಊದಿ ಕೆಂಪಾಗುತ್ತದಲ್ಲ, ನನಗೂ ಹಾಗೇ ಆಗಿದೆ, ಅದೂ ಫಂಗಸ್ಸೇ ಆಗಿರಬಹುದಂತೆ, ವಾಸಿಯಾಗುವ ತನಕ ಮಗುವನ್ನು ಮುಟ್ಟಬೇಡಿ ಅಂದಳು. ಪರೀಕ್ಷೆಗೆ ಕೊಡಲಾ ಅಂದೆ, ಕೊಟ್ಟರೂ ಯಾರಿಂದ ಬಂತು ಅಂತ ಖಚಿತವಾಗುವುದಿಲ್ಲ ಅಂದಳು. ಆದರೆ ನಮಗೆ ಖಚಿತ ಯಾಕೆ ಬೇಕು? ನೀನು ಇವತ್ತೇ ಕೂತು ನಿನ್ನ ಹೆಂಡತಿಗೆ ಕಾಗದ ಬರೆ. ಅಮ್ಮನ ಉಗುರಿನಿಂದಲೇ ಬಂದಿದೆ, ನಿನ್ನದೇನೂ ತಪ್ಪಿಲ್ಲ, ನನಗೆ ಆಸ್ಪತ್ರೆಯವರೇ ಹೇಳಿದರು ಅಂತ ಬರೆ. ಕೋಪದಲ್ಲಿ ಬರೆ, ನನ್ನನ್ನು ನಾಲ್ಕು ಮಾತು ಬೈದು ಬರೆ, ಮೆತ್ತಗೆ ಬರೆದರೆ ಅವಳಿಗೆ ಅನುಮಾನ ಬರುತ್ತದೆ. ಪೂರ್ತಿ ಸುಳ್ಳೇನೂ ಆಗಲಾರದು, ನಿನಗೆ ಪಾಪ ಅಂಟುವುದಿಲ್ಲ. ನಾನು ಹೇಳಿಸಿದ್ದು ಅಂತ ಮಾತ್ರ ಗೊತ್ತಾಗಬಾರದು, ಇದನ್ನು ಓದಿ ಸುಟ್ಟುಬಿಡು. ರಜೆ ಸಿಕ್ಕರೆ ನೀನೂ ಬಾ, ಆದರೆ ಕಾಗದ ಮೊದಲು ಬರಲಿ. ಅವಳು ನನ್ನನ್ನು ಎಷ್ಟು ಬೇಕಾದರೂ ಬೈದುಕೊಳ್ಳಲಿ, ಮಗುವನ್ನು ಎದೆಗೆ ಹಾಕಿಕೊಂಡು ಬೈದುಕೊಳ್ಳಲಿ.